ಮುಯ್ಯಾಳಿನ ಮೊಣಕೈ

ಮೋರಟಗಿಯ ನಮ್ಮ ಐದಾರು ಕುರಿಹಟ್ಟಿಗಳಲ್ಲಿ ಉಣ್ಣೆ ಕತ್ತರಿಸಲು ಕೂಲಿಯವರನ್ನು ಕರೆಯುವುದಿಲ್ಲ. ಇವತ್ತು ನನ್ನ ಹಟ್ಟಿಗೆ ನೀವು ಬಂದರೆ ನಾಳೆ ನಿಮ್ಮ ಹಟ್ಟಿಗೆ ನಾನು. ಇದು ಮುಯ್ಯಿ. ಮುಯ್ಯಿಗೆ ಬಂದವನು ಕುರಿ ಮುಗಿಯುವ ತನಕ ಕತ್ತರಿ ಕೆಳಗಿಡಬಾರದು. ನಡುವೆ ಕೂತವನನ್ನು ಮುಂದಿನ ಸಲ ಯಾರೂ ಕರೆಯುವುದಿಲ್ಲ. ‘ರೇವಣಪ್ಪನ ಕೈ ಅಂದ್ರ ಕೈ’ ಎಂದು ಮೂವತ್ತು ವರ್ಷ ಹೊಗಳಿಸಿಕೊಂಡವನು ನಾನು. ಈ ವರ್ಷ ಬಲ ಮೊಣಕೈಯ ಹೊರಮಗ್ಗುಲಿಗೆ ಎಂಥ ನೋವು ಹಿಡಿಯಿತೆಂದರೆ ನೀರಿನ ತಂಬಿಗೆ ಎತ್ತಲೂ ಆಗಲಿಲ್ಲ.

ಎರಡು ತಿಂಗಳು ಕಳೆದರೆ ಮಾಳಿಂಗನ ಹಟ್ಟಿಯ ಸರದಿ. ಆತ ನನ್ನ ವಾರಿಗೆಯವನು, ದಣಿವೆಂದರೆ ಏನೆಂದೇ ತಿಳಿಯದ ಆಳು. ಅವನೆದುರು ಕೈಸೋತು ಕೂರುವುದೆಂದರೆ ನನಗೆ ಸತ್ತಂತೆಯೇ. ಆ ಸಿಟ್ಟನ್ನೆಲ್ಲ ನಾಯಿಯ ಮೇಲೆ, ಕುರಿಗಳ ಮೇಲೆ ತೀರಿಸತೊಡಗಿದೆ.

“ಕೈಲಾಗದಾಂವ ಮೈ ಪರಚ್ಕೊಂಡಂತ,” ಎಂದಳು ಹೆಂಡತಿ ಶಂಕ್ರೆವ್ವ. “ನಡೀರಿ ಸಿಂದಗಿಗೆ.”

ಅಲ್ಲಿ ಫಿಜಿಯೋಥೆರಪಿ ಮಾಡುವ ಸುಲ್ತಾನಾ ನನ್ನ ಮಗಳ ವಯಸ್ಸಿನವಳು. ಮೊಣಕೈಯ ಹೊರಗಿನ ಎಲುಬಿನ ಗುಬ್ಬಿಯನ್ನು ಒತ್ತಿದಳು. ನಾನು ಕುರ್ಚಿ ಬಿಟ್ಟೆದ್ದೆ.

“ಕಾಕಾ, ಇದಕ್ಕ ಟೆನಿಸ್ ಎಲ್ಬೋ ಅಂತಾರ್ರಿ.”

“ನಮ್ಮ ಅಪ್ಪನೂ ಟೆನಿಸ್ ಆಡಿಲ್ಲ, ನಾನೂ ಆಡಿಲ್ಲ. ಕೊಯ್ಯೂದಿದ್ರ ನೆಟ್ಟಗ ಹೇಳ್ರಿ.”

“ಕೊಯ್ಯೂದೇನಿಲ್ರಿ. ಕತ್ತರಿ ಹಿಡಿಯಾವ್ರಿಗೂ ಬರ್ತೈತಿ. ಈ ಪಟ್ಟಿ ಕಟ್ಗೋರಿ, ಹೇಳಿದ ವ್ಯಾಯಾಮ ಮಾಡ್ರಿ, ಎಂಟ ವಾರ ಕತ್ತರಿ ಮುಟ್ಟಬ್ಯಾಡ್ರಿ.”

ಕೊಯ್ಯುವುದಿಲ್ಲ ಎಂದಾಗ ಅರ್ಧ ಜೀವ ಬಂತು. ಆದರೆ ಸೂಜಿ ಇಲ್ಲ, ಗುಳಿಗೆ ಇಲ್ಲ, ಇದೆಂಥ ಉಪಚಾರ? ಬಸ್ಸಿನಲ್ಲಿ ಮನೆ ಮುಟ್ಟುವ ತನಕ ಗೊಣಗಿದೆ.

ಎರಡು ವಾರವಾದರೂ ನೋವು ಕೂದಲಷ್ಟೂ ಇಳಿಯಲಿಲ್ಲ. ಜಗಳ ತೆಗೆಯಲೆಂದೇ ಶಂಕ್ರೆವ್ವನನ್ನು ಕರೆದುಕೊಂಡು ಮತ್ತೆ ಹೋದೆ.

“ಪಟ್ಟಿ ಎಲ್ಲಿ ಕಟ್ಟೀರಿ, ತೋರಸ್ರಿ,” ಎಂದಳು ಸುಲ್ತಾನಾ.

ಅಂಗಿಯ ತೋಳು ಮೇಲೇರಿಸಿದೆ. ರಟ್ಟೆಯ ಮೇಲೆ, ತಾಯಿತದ ಪಕ್ಕದಲ್ಲಿ ಬಿಗಿಯಾಗಿ ಕಟ್ಟಿದ್ದೆ. ಕೈಗೆ ಕಟ್ಟುವಂಥದ್ದನ್ನು ನಮ್ಮವರು ಇನ್ನೆಲ್ಲಿ ಕಟ್ಟುತ್ತಾರೆ? ಸುಲ್ತಾನಾ ನಗು ತಡೆಯಲು ಗೋಡೆಯತ್ತ ನೋಡಿದಳು. ಶಂಕ್ರೆವ್ವ ಅಷ್ಟು ಮರ್ಯಾದೆಯನ್ನೂ ಕೊಡಲಿಲ್ಲ, ನಕ್ಕೇಬಿಟ್ಟಳು.

ಸುಲ್ತಾನಾ ಪಟ್ಟಿ ಬಿಚ್ಚಿ ಮೊಣಕೈಯಿಂದ ಎರಡು ಬೆರಳು ಕೆಳಗೆ ಕಟ್ಟಿದಳು. ನೀರಿನ ಬಾಟಲಿ ಹಿಡಿದು ಮಣಿಕಟ್ಟು ಎತ್ತಿ ಇಳಿಸುವ ವ್ಯಾಯಾಮವನ್ನೂ ನಾನು ಖಾರ ಕುಟ್ಟುವವರಂತೆ ದಬದಬ ಮಾಡುತ್ತಿದ್ದೆ.

“ಎಡಗೈ ಆಸರ ಕೊಟ್ಟ ಎತ್ರಿ, ಬಲಗೈಲಿ ಸಾವಕಾಶ ಇಳಸ್ರಿ. ಇಳಸೂದ್ರಾಗ ಔಷಧ ಐತಿ.”

ಸಾವಕಾಶ ಎಂಬುದು ನಮ್ಮ ವಂಶದಲ್ಲೇ ಇಲ್ಲ. ಹಲ್ಲು ಕಚ್ಚಿ ಮಾಡಿದೆ. ನಾಲ್ಕು ವಾರದ ಮೇಲೆ ಒಂದು ಮುಂಜಾನೆ ಚಹಾ ಕುಡಿದು ಕಪ್ಪು ಕೆಳಗಿಟ್ಟ ಮೇಲೆ ಗೊತ್ತಾಯಿತು, ಬಲಗೈಯಲ್ಲೇ ಎತ್ತಿದ್ದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಖುಷಿಗೆ ನಾಯಿಗೂ ಎರಡು ಬಿಸ್ಕೀಟು ಹಾಕಿದೆ.

ಮಾಳಿಂಗನ ಹಟ್ಟಿಗೆ ಹೊರಡುವ ಹಿಂದಿನ ದಿನ ಸುಲ್ತಾನಾ ಕೈ ನೋಡಿ ಹೇಳಿದ್ದಳು: “ಮೊದಲನೇ ದಿನ ಹತ್ತ ಕುರಿ. ಬ್ಯಾನಿ ಇರ್ಲಿ ಬಿಡ್ಲಿ, ಅಲ್ಲಿಗೆ ನಿಂದ್ರಸ್ರಿ.”

ಮರುದಿನ ಹತ್ತೂ ಕುರಿಯ ಉಣ್ಣೆ ಕತ್ತರಿಸಿದೆ. ಮೊಣಕೈ ತುಟಿ ಪಿಟಕ್ಕೆನ್ನಲಿಲ್ಲ. ನನ್ನ ಕೈ ನನಗೆ ತಿರುಗಿ ಸಿಕ್ಕಿತ್ತು. ಹನ್ನೊಂದನೆಯದನ್ನೂ ಎಳೆದುಕೊಳ್ಳುವ ಆಸೆಯಾಯಿತು. ತಂಬಿಗೆ ಎತ್ತಲಾಗದ ದಿನಗಳು ನೆನಪಾಗಿ ಕತ್ತರಿ ಕೆಳಗಿಟ್ಟೆ. ಎಲ್ಲರ ಕತ್ತರಿಯೂ ನಿಂತಿತು.

“ಯಾಕೋ?” ಎಂದ ಮಾಳಿಂಗ.

“ಮೊಣಕೈಗೆ ಉಪಚಾರ ನಡದೈತಿ. ಇವತ್ತಿಗೆ ಇಷ್ಟ. ಮುಂದಿನ ಸಲ ಕರೀದಿದ್ರೂ ನಡೀತೈತಿ.”

ಆತ ನನ್ನನ್ನೇ ನೋಡಿದ. ಕೈಯಲ್ಲಿದ್ದ ಕುರಿಯನ್ನು ಅರ್ಧಕ್ಕೇ ಬಿಟ್ಟು, ಕತ್ತರಿ ಬದಿಗಿಟ್ಟು ನನ್ನ ಮಗ್ಗುಲಿಗೆ ಬಂದು ಕೂತ. ಬಲ ಮೊಣಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ.

“ನಂದೂ ಎರಡ ವರ್ಷ ಆತೋ ರೇವಣ್ಯಾ,” ಎಂದ ಮೆಲ್ಲಗೆ. “ಮೊದಲ ನೀ ಕೂಡ್ರಲಿ ಅಂತ ಕಾಯಾಕತ್ತಿದ್ದೆ.”