ಮದುವೆ ಒಂಟೆಯ ಜ್ವರ

ಮದುವೆಯ ಗಂಡು ಎಲೆಮಾ ವಧುದಕ್ಷಿಣೆಗೆಂದು ತಂದ ಒಂಟೆಯ ಕುತ್ತಿಗೆಗೆ ಅಂಗೈ ತಾಗಿಸಿದ ನಮ್ಮ ಸೋದರತ್ತೆ ದರಾರೆ, ಕಾದ ಹೆಂಚು ಮುಟ್ಟಿದವಳಂತೆ ಕೈ ಹಿಂದೆ ತೆಗೆದಳು.

“ಜ್ವರ ಇದೆ. ಜ್ವರದ ಒಂಟೆ ಇಸ್ಕೊಂಡು ಹೆಣ್ಣು ಕೊಡೋಕಾಗುತ್ತಾ?”

ಹೆಣ್ಣು ನನ್ನ ತಂಗಿ ತಲಾಸೊ. ಮದುವೆಯ ಹೊಸ ಗುಡಾರಕ್ಕೆ ಚಾಪೆ ಹೊಲಿಯುತ್ತಿದ್ದವಳು ತಲೆ ಎತ್ತಲಿಲ್ಲ, ಸೂಜಿ ಮಾತ್ರ ನಿಂತಿತು. ಉತ್ತರ ಕೀನ್ಯಾದ ನಮ್ಮ ಗಬ್ರಾ ಜನರಿಗೆ ಮದುವೆಗೆ ಆಗಿಬರುವ ತಿಂಗಳುಗಳು ಕೆಲವೇ. ಈ ತಿಂಗಳಲ್ಲಿ ನಾಲ್ಕು ದಿನ ಉಳಿದಿತ್ತು. ಒಂಟೆ ತಿರುಗಿ ಹೋದರೆ ಮದುವೆಯೂ ಮುಂದಿನ ವರ್ಷಕ್ಕೆ ಹೋಗುತ್ತದೆ, ಅಷ್ಟರಲ್ಲಿ ಅತ್ತೆಯ ಮನಸ್ಸು ಎತ್ತ ಹೊರಳುತ್ತದೋ.

“ದಾರೀಲಿ ಬಿಸಿಲು ಜಾಸ್ತಿ ಇತ್ತು,” ಎಂದ ಎಲೆಮಾ.

“ಬಿಸಿಲು ನಿನ್ನ ಒಂಟೆಗೊಂದಕ್ಕೇ ಬಿತ್ತಾ? ನಮ್ಮವು ನೆರಳು ಹೊತ್ಕೊಂಡು ಮೇಯ್ತಾವಾ? ನೀರು ಕುಡಿಸಿದ್ದೀಯೋ?”

“ಮೊನ್ನೆ ದಾರಿ ಬಾವೀಲಿ ಕುಡಿಸಿದೆ.”

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ರಜೆಗೆ ಬಂದರೂ ಥರ್ಮಾಮೀಟರ್ ಚೀಲದಲ್ಲೇ ಇರುತ್ತದೆ. ಒಂಟೆಯ ಬಾಲ ಎತ್ತಿ, ಮೂರು ನಿಮಿಷ ಎಣಿಸಿ ಓದಿದೆ. ಸಂಜೆ ನಾಲ್ಕು ಗಂಟೆ, ನಲವತ್ತೂವರೆ ಡಿಗ್ರಿ.

“ಅಷ್ಟು ವರ್ಷ ಓದಿ ನನ್ನ ಅಂಗೈ ಹೇಳಿದ್ದನ್ನೇ ಹೇಳ್ತೀಯಲ್ಲೇ,” ಎಂದಳು ಅತ್ತೆ.

“ಒಂದು ಸಲ ನೋಡಿದ್ರೆ ಸಾಲದು ಅತ್ತೆ. ಬೆಳಗಿನ ಜಾವ ಇನ್ನೊಮ್ಮೆ ನೋಡ್ತೀನಿ.”

ಜಗಳವಾಡುತ್ತಾಳೆ ಅಂದುಕೊಂಡಿದ್ದೆ. ಅತ್ತೆ ಎಲೆಮಾನ ಕಡೆ ನೋಡುತ್ತಾ, “ನೋಡು. ನಂಗೇನು ಅವಸರ? ಬೆಳಗಿನತನಕ ಎಲ್ಲರೂ ಯೋಚನೆ ಮಾಡಲಿ,” ಎಂದಳು.

ಬೆಳಗಿನ ಜಾವ ಚಾಲ್ಬಿ ಮರುಭೂಮಿಯ ಬಯಲಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಅತ್ತೆ ಒಲೆಯ ಮುಂದೆ ಬೆಣ್ಣೆಯಲ್ಲಿ ಕಾಫಿ ಬೀಜ ಹುರಿಯುತ್ತಿದ್ದಳು. ಥರ್ಮಾಮೀಟರನ್ನು ಎರಡು ಸಲ ಇಟ್ಟು ನೋಡಿದೆ. ಎರಡು ಸಲವೂ ಮೂವತ್ತನಾಲ್ಕೂವರೆ.

“ಅಂದ್ರೆ ಈಗ ಸಾಯ್ತಾ ಇದೆ,” ಎಂದಳು ಅತ್ತೆ.

“ಇಲ್ಲ ಅತ್ತೆ. ಜ್ವರವೂ ಅಲ್ಲ, ಸಾವೂ ಅಲ್ಲ. ಬೆವರಿ ನೀರು ಕಳ್ಕೊಳ್ಳೋ ಬದಲು ಒಂಟೆ ಹಗಲಿನ ಬಿಸೀನ ಮೈಯಲ್ಲೇ ಇಟ್ಕೊಳ್ಳುತ್ತೆ. ರಾತ್ರಿ ತಂಪಾದ ಮೇಲೆ ಹೊರಗೆ ಬಿಡುತ್ತೆ.”

“ನಮ್ಮ ಒಂಟೆಗಳ ಮೈ ನಿನ್ನೆ ಸಂಜೆ ಇಷ್ಟು ಸುಡ್ತಿರಲಿಲ್ವಲ್ಲ?”

ನೀರು ಕುಡಿದ ಒಂಟೆಯ ಮೈಬಿಸಿ ಬೆಳಗಿನಿಂದ ಸಂಜೆಗೆ ಏರುವುದು ಎರಡು ಡಿಗ್ರಿಯಷ್ಟೇ. ಆರು ಡಿಗ್ರಿ ಏರಬೇಕಾದರೆ ಅದು ಎಷ್ಟೋ ದಿನದಿಂದ ನೀರು ಕಂಡಿರಬಾರದು. ಇಷ್ಟು ಹೇಳಿದರೆ ಒಂಟೆ ಪಾರಾಗುತ್ತದೆ, ಎಲೆಮಾ ಸಿಕ್ಕಿಬೀಳುತ್ತಾನೆ. ಒಂಟೆಯ ನೀರಿನ ವಿಷಯದಲ್ಲಿ ಸುಳ್ಳು ಹೇಳಿದವನನ್ನು ನಂಬಿ ನಮ್ಮಲ್ಲಿ ಒಂದು ಮೇಕೆಯನ್ನೂ ಕೊಡುವುದಿಲ್ಲ. ಹೇಳದಿದ್ದರೆ ಸಾಯುವ ಒಂಟೆಯೆಂದು ಅತ್ತೆ ಅದನ್ನೂ ಅವನನ್ನೂ ಅಟ್ಟುತ್ತಾಳೆ. ಥರ್ಮಾಮೀಟರ್ ಒರೆಸಿದೆ. ಮತ್ತೆ ಒರೆಸಿದೆ.

“ಸವೆದುಹೋಗುತ್ತೆ ಕಣೇ ಅದು. ಹೇಳು.”

“ನಾನು ಹೇಳ್ತೀನಿ,” ಎಂದ ಎಲೆಮಾ. “ಅಕ್ಕ ಯಾಕೆ ಕಷ್ಟಪಡಬೇಕು? ದಾರಿ ಬಾವೀಲಿ ಐದು ದಿನದ ಸರದಿ ಇತ್ತು. ಕಾದಿದ್ರೆ ತಿಂಗಳೇ ಮುಗಿದುಹೋಗೋದು. ನೀರು ಕುಡಿಸದೆ ಚಾಲ್ಬಿ ಬಯಲು ದಾಟಿ ಬಂದ್ಬಿಟ್ಟೆ. ಅದು ನೀರು ಕುಡಿದು ಹನ್ನೊಂದು ದಿನ ಆಯ್ತು.”

ತಲಾಸೊ ಹೊಲಿಗೆ ಬಿಟ್ಟು ಅವನನ್ನೇ ನೋಡಿದಳು. ಅತ್ತೆ ಮಾತ್ರ ಕಾಫಿ ಬೀಜ ಕೆದಕುತ್ತಲೇ ಇದ್ದಳು.

“ಇಷ್ಟಕ್ಕೆ ಒಂದು ರಾತ್ರಿ ಬೇಕಾಯ್ತೇನೋ?” ಎಂದು, ಒಲೆಯ ಪಕ್ಕದಿಂದ ಒಂದು ಹಿಡಿ ಹಿಕ್ಕೆ ತೆಗೆದು ತೋರಿಸಿದಳು. “ನಿನ್ನ ಒಂಟೇದೇ. ನಿನ್ನೆ ಕೆಳಗೆ ಬಿದ್ದ ಗಳಿಗೇಲೇ ಒಲೆಗೆ ಹಾಕಿದೆ, ಹೊಗೆಯಿಲ್ಲದೆ ಉರೀತು. ನೀರು ಕುಡಿದ ಒಂಟೆ ಹಿಕ್ಕೆ ಹೀಗೆ ಉರಿಯುತ್ತಾ?”

“ಮತ್ತೆ ಜ್ವರ ಅಂದಿದ್ದು?” ಎಂದು ಕೇಳಿದೆ.

“ಬಾಯಾರಿಕೆ ಅಂದಿದ್ರೆ ಹೂಂ ಅಂದ್ಬಿಡ್ತಿದ್ದ. ನಾನೇ ಹೇಳಿಕೊಟ್ಟ ಹಾಗಾಗ್ತಿತ್ತು.” ಆಮೇಲೆ ಎಲೆಮಾನ ಕಡೆ ತಿರುಗಿದಳು. “ಬಾಯಿ ಬಿಡೋದು ತಡ ಆಯ್ತು, ಆದ್ರೂ ಬಿಟ್ಟೆ. ಹೋಗು, ನಮ್ಮ ಸರದಿ ನೀರು ಇವತ್ತಿದೆ. ನೀನೊಬ್ಬನೇ ಸೇದಬೇಕು.”

ಅವನು ತೊಟ್ಟಿ ತುಂಬಿಸಿದಷ್ಟೂ ಒಂಟೆ ಬರಿದು ಮಾಡುತ್ತಿತ್ತು. ಕೈ ಹಾಕಬಾರದೆಂದು ಅಪ್ಪಣೆಯಾಗಿದ್ದರಿಂದ ತಲಾಸೊ ತೊಟ್ಟಿಯ ಪಕ್ಕ ಕುಳಿತು ಬಕೆಟ್ ಎಣಿಸಿದಳು.

“ಹದಿಮೂರು. ಹದಿಮೂರು.”

“ಅದು ಹದಿನಾಲ್ಕು,” ಎಂದ ಎಲೆಮಾ, ಏದುಸಿರು ಬಿಡುತ್ತಾ.

“ಸುಳ್ಳು ಹೇಳಿದವನ ಲೆಕ್ಕ ನಾನ್ಯಾಕೆ ಕೇಳ್ಲಿ? ಹದಿಮೂರು.”

ನನ್ನ ಲೆಕ್ಕದಲ್ಲಿ ಹದಿನೆಂಟಾಯಿತು, ಅವಳ ಲೆಕ್ಕದಲ್ಲಿ ಹದಿನೈದು. ಒಂಟೆಯ ಪಕ್ಕೆಗಳು ಕಣ್ಣೆದುರೇ ತುಂಬಿಕೊಂಡವು. ಹತ್ತೊಂಬತ್ತನೆಯ ಬಕೆಟನ್ನು ಒಂಟೆ ಮೂಸಿ ಬಿಟ್ಟಿತು. ತಲಾಸೊ ಅದನ್ನೆತ್ತಿ ಎಲೆಮಾನ ತಲೆಯ ಮೇಲೆ ಸುರಿದಳು.

ಮರುದಿನ ಸಂಜೆ ನಾಲ್ಕಕ್ಕೆ ಮತ್ತೆ ಅಳೆದೆ. ಮೂವತ್ತೆಂಟು. ಹೇಳಲು ತಿರುಗಿದರೆ ಅತ್ತೆಯ ಅಂಗೈ ಆಗಲೇ ಒಂಟೆಯ ಕುತ್ತಿಗೆಯ ಮೇಲಿತ್ತು.

“ಗೊತ್ತು,” ಎಂದಳು. ಆಮೇಲೆ ಗುಡಾರದ ಕಡೆಗೆ ಕೂಗಿದಳು: “ತಲಾಸೊ, ಆ ಚಾಪೆ ಇನ್ನೂ ಮುಗೀಲಿಲ್ವೇನೇ? ಎರಡೇ ದಿನ ಉಳಿದಿರೋದು.”