ಬಣ್ಣದವರ ಮನೆಯ ಸೂರು

ನಮ್ಮ ಯಜಮಾನರು ಊರವರ ಗೋಡೆಗಳಿಗೆ ಬಣ್ಣ ಬಳಿಯುವವರು. ಅವರು ಬಳಿದ ಬಣ್ಣ ವರ್ಷಗಟ್ಟಲೆ ಜಪ್ಪಯ್ಯ ಎಂದರೂ ಕದಲುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕದಲುತ್ತಿದ್ದುದು ನಮ್ಮ ಮನೆಯ ಗೋಡೆಯದೊಂದೇ.

ಅದಕ್ಕೆ ಕಾರಣವೂ ಅವರೇ. ಮನೆ ಕಟ್ಟುವಾಗ, ಬಡಗಿಯಾದ ನಮ್ಮಣ್ಣ ಮಾಡಿನ ತಗಡನ್ನು ಗೋಡೆಯಿಂದಾಚೆ ತೋಳುದ್ದ ಚಾಚಿ ಸೂರು ಬಿಡಲು ಹೊರಟಿದ್ದ. ಇವರು ಏಣಿಗೆ ಅಡ್ಡ ನಿಂತರು. "ನೆರಳು ಬಿದ್ರೆ ನನ್ನ ಬಣ್ಣ ಯಾರಿಗೆ ಕಾಣುತ್ತೆ? ಬೀದಿ ಕಡೆ ಗೋಡೆನೇ ನನ್ನ ಬೋರ್ಡು. ಗೋಡೆ ಸಮಕ್ಕೆ ಕತ್ತರಿಸಿಬಿಡು." ಅಣ್ಣ ಕತ್ತರಿಸಿದ. ಅಂದಿನಿಂದ ಮಾಡಿನ ಮೇಲೆ ಬಿದ್ದ ಮಳೆಯೆಲ್ಲ ಗೋಡೆಯ ಮೈಮೇಲೇ ಇಳಿಯತೊಡಗಿತು.

ಆ ಗೋಡೆಯ ಹಿಂದೆ ಇದ್ದುದು ಮಗಳ ಕೋಣೆ. ಗುಬ್ಬಿ ಎಂದು ಕರೆಯುತ್ತೇವೆ ಅವಳನ್ನು. ಮಳೆ ಹಿಡಿಯಿತೆಂದರೆ ಒಳಗೋಡೆಗೆ ಕಪ್ಪು ಬೂಷ್ಟು, ಅವಳ ಎದೆಯಲ್ಲಿ ಗೊರಗೊರ. ಒದ್ದೆ ಗೋಡೆಯ ಪಕ್ಕ ಮಲಗಿಸಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಅವಳ ಹಾಸಿಗೆ ಅಡುಗೆಮನೆಯ ಬಾಗಿಲ ಬಳಿಗೆ ಬಂತು. ಬಟ್ಟೆ, ಪುಸ್ತಕ, ಬೊಂಬೆ ಎಲ್ಲ ರಟ್ಟಿನ ಡಬ್ಬಗಳಿಗೆ ಇಳಿದವು. ನಾನು ಪಾತ್ರೆ ತೊಳೆಯುವಾಗ ಹಿಂದೆ ಬಂದು ನಿಂತು ಕೇಳುತ್ತಿದ್ದಳು: "ಅಮ್ಮಾ, ನನ್ನ ರೂಮು ಮತ್ತೆ ಯಾವಾಗ ನಂದಾಗುತ್ತೆ?"

ಇವರಿಗೂ ಮಗಳೆಂದರೆ ಪ್ರಾಣ. ಆದರೆ ಬಣ್ಣದವರಲ್ಲವೇ, ಗೋಡೆಯ ಯಾವ ಕಾಯಿಲೆಗೂ ಬಣ್ಣವೇ ಮದ್ದು. ಪ್ರತಿ ಬೇಸಿಗೆ ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಮತ್ತೆ ಬಳಿಯುವರು. ಈ ಸಲವೂ ಹೊಸ ಡಬ್ಬ ತಂದು ಜಗಲಿಯ ಮೇಲೆ ಕುಕ್ಕಿದರು.

"ಇದು ಬೇರೆ ಥರದ್ದು ಕಣೇ. ಹನಿ ನೀರೂ ಒಳಗೆ ಹೋಗಲ್ಲ."

"ಹೋದ ಸಲದ್ದಕ್ಕೂ ಹಾಗೇ ಅಂದಿದ್ರಿ. ರೀ, ಮಳೇಲಿ ಹೋಗೋರಿಗೆ ದಪ್ಪ ಅಂಗಿ ಹಾಕಿಸ್ತಾ ಇದ್ದೀರಿ. ಒಂದು ಕೊಡೆ ಹಿಡೀರಿ ಅಂತಿದ್ದೀನಿ ನಾನು."

"ಸೂರು ಬಿಟ್ರೆ ಗೋಡೆ ಟೋಪಿ ಹಾಕ್ಕೊಂಡ ಹಾಗೆ ಕಾಣುತ್ತೆ."

ಬಟಾಣಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಈಗ ತೊನ್ನು ಹತ್ತಿದ ಹಾಗೆ ಕಾಣುತ್ತಲ್ಲಪ್ಪ, ಅದು ಚೆನ್ನಾಗಿದೆಯಾ?"

ದಾರಿ ತೋರಿಸಿದವಳು ಗುಬ್ಬಿ. "ಅರ್ಧ ಅಪ್ಪಂದು, ಅರ್ಧ ಅಮ್ಮಂದು ಮಾಡಿ. ಯಾರು ಗೆಲ್ತಾರೋ ನೋಡೋಣ."

ಹಾಗೇ ಆಯಿತು. ಇಡೀ ಗೋಡೆಗೆ ಒಂದೇ ಡಬ್ಬದ ಬಣ್ಣ. ಎಡಗಡೆ ಅರ್ಧಕ್ಕೆ ಮಾತ್ರ ಅಣ್ಣ ಮರದ ಆಸರೆ ಕೊಟ್ಟು ತಗಡು ಚಾಚಿದ. ಅದು ನನ್ನದು. ಅಂಚು ನೀರು ತೊಟ್ಟಿಕ್ಕುವಂತೆ ಕೊಂಚ ಕೆಳಕ್ಕೆ ಬಾಗಿತ್ತು. ನಾನು ಸೋತರೆ ಸೂರಿನ ಮಾತು ಎತ್ತುವಂತಿಲ್ಲ. ಅವರು ಸೋತರೆ ತಾವೇ ಏಣಿ ಹತ್ತಬೇಕು. ತೀರ್ಪು ಅತ್ತೆಯದು. ಇವರು ಎರಡೂ ಕಡೆ ಒಂದೇ ಶ್ರದ್ಧೆಯಿಂದ ಬಳಿದರು. ನನ್ನ ಅರ್ಧದಲ್ಲಿ ಒಂದು ಮೂಲೆ ತೆಳುವಾಯಿತೆಂದು ಮತ್ತೊಮ್ಮೆ ಬ್ರಷ್ ಆಡಿಸಿದರು. ಆ ನಿಯತ್ತಿಗೇ ನಾನು ಅವರನ್ನು ಮೆಚ್ಚುವುದು.

ಮೊದಲ ಗೆಲುವು ಬಿಸಿಲಿನಲ್ಲೇ ಸಿಕ್ಕಿತು. ಅತ್ತೆ ಒಳಗೋಡೆಗೆ ಅಂಗೈ ಒತ್ತಿ ನೋಡಿ, ತಮ್ಮ ಕುರ್ಚಿಯನ್ನು ತಂಪಾಗಿದ್ದ ನನ್ನ ಅರ್ಧದ ಕಡೆಗೆ ಎಳೆದುಕೊಂಡರು.

"ಅಮ್ಮಾ, ನೀನು ತೀರ್ಪುಗಾರ್ತಿ. ಪಕ್ಷ ವಹಿಸಬಾರದು," ಎಂದರು ಇವರು.

"ಪಕ್ಷ ಅಲ್ಲ ಕಣೋ, ಸೆಖೆ."

ಆಮೇಲೆ ಮಳೆ. ಮೊದಮೊದಲು ಎರಡು ಕಡೆಯೂ ಗಟ್ಟಿಯಾಗಿ ನಿಂತವು. ಇವರು ಕೆಲಸಕ್ಕೆ ಹೊರಡುವಾಗೆಲ್ಲ ತಮ್ಮ ಅರ್ಧವನ್ನು ತಟ್ಟಿ, ನನ್ನ ಕಡೆ ನೋಡಿ ಮೀಸೆಯಲ್ಲೇ ನಗುತ್ತಿದ್ದರು. ಪಂದ್ಯ ಸೋತರೆ ನನ್ನದೇನು ಹೋಗುತ್ತದೆ? ಆದರೆ ಗುಬ್ಬಿಯ ಹಾಸಿಗೆ ಅಡುಗೆಮನೆಯ ಬಾಗಿಲಲ್ಲೇ ಉಳಿದುಬಿಡುತ್ತಿತ್ತು.

ಒಂದು ಮಧ್ಯಾಹ್ನ ಗಾಳಿ ಎದ್ದು ಮಳೆ ಓರೆಯಾಗಿ ಬಡಿಯಿತು. ನಿಂತ ಕೂಡಲೇ ಎಲ್ಲರೂ ಹೊರಗೆ ಓಡಿದೆವು. ನನ್ನ ಅರ್ಧದಲ್ಲೂ ಬುಡದ ಒಂದು ಮೊಳ ಒದ್ದೆಯಾಗಿತ್ತು.

"ನೋಡು ನೋಡು, ನಿನ್ನ ಕೊಡೆ ಸೋರ್ತು!"

"ಕಾಲು ನೆಂದಿದೆ ಅಷ್ಟೇ, ತಲೆ ನೆಂದಿಲ್ಲ," ಎಂದೆ. ಬಾಯಿ ಜೋರಿತ್ತು, ಒಳಗೆ ಅಳುಕಿತ್ತು.

ಮಳೆ ವಾರವಿಡೀ ಬಿಡಲಿಲ್ಲ. ಹನಿ ಗಳಿಗೆ ನಿಂತಾಗೆಲ್ಲ ನನ್ನ ಅರ್ಧದ ಬುಡ ಒಣಗುತ್ತಿತ್ತು. ಅವರ ಅರ್ಧಕ್ಕೆ ಒಣಗಲು ಪುರಸೊತ್ತೇ ಇರಲಿಲ್ಲ. ಕೊನೆಗೆ ಅಲ್ಲಿ ಒಂದು ಗುಳ್ಳೆ ಎದ್ದಿತು, ಅದರ ಪಕ್ಕದಲ್ಲಿ ಇನ್ನೊಂದು. ಗುಬ್ಬಿ ನೋಟ್‌ಬುಕ್ಕಿನ ಖಾಲಿ ಹಾಳೆ ಹರಿದು ತಂದು ಒಳಗೋಡೆಗೆ ಒತ್ತಿದಳು. ಅಪ್ಪನ ಕಡೆ ಹಾಳೆ ಅಂಟಿಕೊಂಡಿತು. ನನ್ನ ಕಡೆ ಒತ್ತಿದ್ದು ಗರಿಗರಿಯಾಗಿ ನೆಲಕ್ಕೆ ಬಿತ್ತು.

"ಸೊಸೆ ಗೆದ್ದಳು!" ಅತ್ತೆ ಕುರ್ಚಿಯಿಂದಲೇ ಕೂಗಿದರು. ಗುಬ್ಬಿ ಕುಣಿದಳು.

ಇವರು ಹೊರಗೆ ಹೋಗಿ ಗುಳ್ಳೆಯನ್ನು ಬೆರಳಿನಿಂದ ಒಡೆದರು. ಆಮೇಲೆ ಎಡಕ್ಕೆ ಸರಿದು ಸೂರಿನಡಿಯ ಬಣ್ಣವನ್ನು ಉಗುರಿನಿಂದ ಗೀರಿದರು. ಒಂದು ಚೂರೂ ಏಳಲಿಲ್ಲ. ಮತ್ತೊಂದು ಕಡೆ ಗೀರಿದರು. ಮುಖ ನಿಧಾನವಾಗಿ ಅರಳಿತು.

"ಏ ಇವಳೇ, ಬಾ ಇಲ್ಲಿ! ನನ್ನ ಬಣ್ಣದಲ್ಲಿ ಏನೂ ತಪ್ಪಿರಲಿಲ್ಲ ಕಣೇ! ನೋಡು, ಹೇಗೆ ಕೂತಿದೆ ಕಲ್ಲಿನ ಹಾಗೆ!"

"ಹಾಗಾದ್ರೆ ಗೆದ್ದಿದ್ದು ಯಾರು?"

"ಇಬ್ರೂ ಅಂತ ಬರ್ಕೋ."

ಮಳೆ ಬಿಡುವು ಕೊಟ್ಟ ಕೂಡಲೇ ಅಣ್ಣ ಬಂದ. ಏಣಿ ಹತ್ತಿದವರು ಇವರೇ. "ಭಾವ, ಈ ಸಲ ಎಷ್ಟು ಬಿಡಲಿ? ಗೋಡೆ ಸಮಕ್ಕೆ ಕತ್ತರಿಸಲಾ?" ಎಂದು ಅಣ್ಣ ಕೆಣಕಿದ.

"ಬಾಯಿ ಮುಚ್ಕೊಂಡು ಇನ್ನೊಂದು ಗೇಣು ಜಾಸ್ತಿ ಬಿಡಯ್ಯ."

ಮನೆಯ ಸುತ್ತ ಸೂರು ಬಂತು. ಗೋಡೆ ಪೂರ್ತಿ ಒಣಗುವವರೆಗೆ ಇವರು ಬ್ರಷ್ ಮುಟ್ಟಲಿಲ್ಲ. ಆಮೇಲೆ ಒಳಗಿನ ಬೂಷ್ಟು ಕೆರೆದು, ತೊಳೆದು, ಮಗಳು ಆರಿಸಿದ ಹಳದಿ ಬಳಿದರು. ಮುಂದಿನ ಮಳೆಗಾಲ ಶುರುವಾದಾಗ ಅವಳ ಹಾಸಿಗೆ ಅವಳ ಕೋಣೆಯಲ್ಲೇ ಇತ್ತು. ಎದೆಯಲ್ಲಿ ಗೊರಗೊರ ಕೇಳಲಿಲ್ಲ.

ಒಂದು ಸಂಜೆ ಬಟ್ಟೆ ಮಡಚುತ್ತಿದ್ದೆ. ಹೊರಗೆ ಧೋ ಎಂದು ಸುರಿಯುತ್ತಿತ್ತು. ಗುಬ್ಬಿಯ ಕೋಣೆಯ ಕಿಟಕಿ ಮುಚ್ಚಲು ಎದ್ದು ಹೋದರೆ, ಅವಳು ಅದರ ಎರಡೂ ಕದ ತೆರೆದಿಟ್ಟು, ಹೊರಗೆ ಕೈ ಚಾಚಿ ಕುಳಿತಿದ್ದಳು. ಸೂರಿನಂಚಿನಿಂದ ನೀರು ಪರದೆಯಂತೆ ದೂರದಲ್ಲಿ ಬೀಳುತ್ತಿತ್ತು. ತಣ್ಣನೆಯ ಗಾಳಿ ಒಳಗೆ ಬರುತ್ತಿತ್ತು, ಹನಿ ಬರುತ್ತಿರಲಿಲ್ಲ.

"ಕೈಗೆ ಸಿಕ್ತಾನೇ ಇಲ್ಲ ಅಮ್ಮಾ!"

ಬಗ್ಗಿ ನೋಡಿದೆ. ನಮ್ಮ ಯಜಮಾನರು ಸೂರಿನಡಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಕೊಡೆಯಿಲ್ಲದೆ ಬೀದಿಯಲ್ಲಿ ಓಡುತ್ತಿದ್ದವರನ್ನೆಲ್ಲ ಕೂಗಿ ಕರೆಯುತ್ತಿದ್ದರು: "ಬನ್ರೀ, ಇಲ್ಲಿ ನಿಂತ್ಕೊಳ್ಳಿ! ಜಾಗ ಬೇಕಾದಷ್ಟಿದೆ!"