ಚಿಕ್ಕಜ್ಜಿ ಬಿಚ್ಚಬೇಕಿದ್ದ ಗಂಟು

ಅಣ್ಣ ಅಜ್ಜನ ಸ್ಕಾರ್ಫಿಗೆ ಇಸ್ತ್ರಿ ಮಾಡಿಸಿದ್ದ.

ಇಸ್ತ್ರಿ ಮಾಡಿಸಿ, ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ, ತನ್ನ ಅಂಗಡಿಯ ಗೋಡೆಗೆ ಒರಗಿಸಿಟ್ಟಿದ್ದ. ಅವನದು ಶಾಲಾ ಸಮವಸ್ತ್ರದ ಅಂಗಡಿ. ಬೆಲ್ಟು, ಬ್ಯಾಡ್ಜು, ಕಾಲುಚೀಲಗಳ ರಾಶಿಯ ನಡುವೆ ಆ ಚೌಕಟ್ಟು ಮದುಮಗನ ಹಾಗೆ ನಿಂತಿತ್ತು. ಕೆಳಗೊಂದು ಹಿತ್ತಾಳೆಯ ಫಲಕ: ‘ನಮ್ಮ ಊರಿನ ಮೊದಲ ದಳದ ಸ್ಕೌಟ್. ದಿನಕ್ಕೊಂದು ಒಳ್ಳೆಯ ಕೆಲಸ ಎಂಬ ನಿಯಮವನ್ನು ಬಾಳಿನಲ್ಲಿ ಒಂದು ದಿನವೂ ತಪ್ಪಿಸದವರು.’

“ಹೇಗಿದೆ?” ಅಂದ, ಕೊರಳಿನ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ. ಅವನು ಸ್ಕೌಟ್ ಸಂಘದ ಅಧ್ಯಕ್ಷ. ಮಲಗುವಾಗಲೂ ಸೀಟಿ ತೆಗೆಯುವುದಿಲ್ಲವೆಂದು ಊರವರು ಬೆನ್ನ ಹಿಂದೆ ಅವನನ್ನು ಸೀಟಿ ಸಾಹೇಬ ಎನ್ನುತ್ತಾರೆ.

ನಾನು ಗಾಜಿನ ಮೇಲೆ ಬೆರಳಿಟ್ಟು ಸ್ಕಾರ್ಫಿನ ಕೆಳತುದಿಯನ್ನು ಹುಡುಕಿದೆ. ಬಟ್ಟೆ ಕಾಗದದ ಹಾಗೆ ಚಪ್ಪಟೆಯಾಗಿತ್ತು.

“ಗಂಟೆಲ್ಲಿ?”

“ಯಾವ ಗಂಟು? ಓ, ಅದಾ! ಲಾಂಡ್ರಿಯವನು ಬಿಚ್ಚಿದ. ಗಾಜಿನೊಳಗೆ ಉಬ್ಬಿಕೊಂಡಿದ್ರೆ ಲಕ್ಷಣವಾಗಿ ಇರ್ತಿರಲಿಲ್ಲ ನೋಡು.”

ನಾನು ಪುಸ್ತಕ ಹೊಲಿಯುವವಳು. ಇಪ್ಪತ್ತು ವರ್ಷದಿಂದ ಬೈಂಡಿಂಗ್ ಕೆಲಸ. ದಾರ ಕಡಿದರೂ ಕೂಗುವವಳಲ್ಲ, ಹೊಸ ದಾರ ಪೋಣಿಸಿಕೊಳ್ಳುವವಳು. ಆ ಹೊತ್ತು ಮಾತ್ರ ನಾಲಿಗೆಯ ಮೇಲೆ ಬಂದ ಮಾತನ್ನು ದೇವರೇ ಹಿಡಿದಿರಬೇಕು.

ನಾನು ಕೆಲಸದಲ್ಲಿದ್ದಾಗ ಅವನು ನನ್ನ ಮನೆಗೆ ಹೋಗಿ, ನನ್ನ ಬೀರು ತೆಗೆದು, ಸ್ಕಾರ್ಫನ್ನು ಎತ್ತಿಕೊಂಡು ಬಂದಿದ್ದ. ಬೀಗದ ಕೈ ಎಲ್ಲಿರುತ್ತದೆಂದು ಒಡಹುಟ್ಟಿದವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ?

ಆ ಗಂಟಿನ ಕತೆ ಅವನಿಗೂ ಗೊತ್ತಿತ್ತು. ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಅಮ್ಮನ ಬಾಯಿಂದ ಕೇಳಿದ್ದೆವು. ಅಜ್ಜನಿಗೆ ಆಗ ಹನ್ನೆರಡು. ಎಲ್ಲೆಲ್ಲೂ ಸ್ಕೌಟ್ ದಳಗಳು ಹೊಸದಾಗಿ ಹುಟ್ಟುತ್ತಿದ್ದ ಕಾಲ; ನಮ್ಮ ಊರಿನಲ್ಲೂ ಒಬ್ಬ ಮೇಷ್ಟ್ರು ಒಂದು ದಳ ಕಟ್ಟಿದರು. ಬೆಳಿಗ್ಗೆ ಸ್ಕಾರ್ಫಿನ ತುದಿಗೆ ಒಂದು ಗಂಟು ಹಾಕಿಕೊಳ್ಳಬೇಕು, ಯಾರಿಗಾದರೂ ಒಂದು ಉಪಕಾರ ಮಾಡಿದ ಮೇಲೆ ಬಿಚ್ಚಬೇಕು ಎಂದು ಹೇಳಿಕೊಟ್ಟರು. ಮೊದಲ ಕವಾಯತಿನ ದಿನ ಅಜ್ಜ ಹೊಸ ಹಸಿರು ಸ್ಕಾರ್ಫಿಗೆ ಗಂಟು ಹಾಕಿ ಹೊರಟ. ಬುತ್ತಿಯನ್ನು ಅಪ್ಪನಿಗೆ ಕೊಟ್ಟು ಹೋಗು ಎಂದಳು ಅವನ ತಾಯಿ. ಅಪ್ಪ ಇದ್ದದ್ದು ಬೈಂಡಿಂಗ್ ಖಾನೆಯಲ್ಲಿ. “ನನಗೆ ಹೊತ್ತಾಯ್ತು, ಇವಳು ಹೋಗ್ಲಿ” ಎಂದು ಬುತ್ತಿಯನ್ನು ಎಂಟು ವರ್ಷದ ತಂಗಿಯ ಕೈಗಿಟ್ಟು ಅಜ್ಜ ಓಡಿದ. ಆ ತಂಗಿ ಹೋದಳು. ಕಾಗದ ಕತ್ತರಿಸುವ ಯಂತ್ರವನ್ನು ನೋಡುತ್ತ ನಿಂತಳು. ಕಾಗದ ಅದುಮುವ ಹಲಗೆಯಡಿ ಬಲಗೈ ಸಿಕ್ಕಿತು. ನಾಲ್ಕು ಬೆರಳು ಹೋದವು; ಹೆಬ್ಬೆರಳೊಂದು ಉಳಿಯಿತು.

ಅಜ್ಜ ಮತ್ತೆ ಆ ಸ್ಕಾರ್ಫನ್ನು ಕೊರಳಿಗೆ ಹಾಕಲಿಲ್ಲ. ಗಂಟನ್ನೂ ಬಿಚ್ಚಲಿಲ್ಲ. ಪ್ರತಿ ವರ್ಷ ಅದೇ ತಾರೀಖಿಗೆ ಅದನ್ನು ತಂದು ತಂಗಿಯ ಮಡಿಲಲ್ಲಿಟ್ಟು, “ಬಿಚ್ತೀಯಾ?” ಎಂದು ಕೇಳುತ್ತಿದ್ದ. ಅವಳು ಗಂಟನ್ನು ಎಡಗೈಯಲ್ಲಿ ಒಮ್ಮೆ ಹಿಸುಕಿ ನೋಡಿ, “ಈ ವರ್ಷ ಬೇಡ” ಎನ್ನುತ್ತಿದ್ದಳು. ಆಮೇಲೆ ಇಬ್ಬರೂ ಟೀ ಕುಡಿಯುತ್ತಿದ್ದರು. ಅಜ್ಜ ಹೋದ ಮೇಲೆ ಅಮ್ಮ ಒಯ್ದಳು. ಅಮ್ಮ ಹೋದ ಮೇಲೆ ನಾನು. ಅವಳೇ ನಮ್ಮ ಚಿಕ್ಕಜ್ಜಿ. ಮದುವೆಯಾಗಲಿಲ್ಲ. ಎಡಗೈಯಲ್ಲಿ ಬರೆಯಲು ಕಲಿತು, ನಲವತ್ತು ವರ್ಷ ಅಚ್ಚುಮನೆಯೊಂದರಲ್ಲಿ ಕರಡು ತಿದ್ದಿದಳು. ಈಗ ಎಂಬತ್ತಮೂರು, ಕಣ್ಣಿಗೆ ಪೊರೆ.

ಸೋಮವಾರ ಅವಳ ಕೋಣೆಗೆ ಹೋದಾಗ ಕಿಟಕಿಯ ಪರದೆಯ ಹಗ್ಗ ಅವಳ ಮಡಿಲಲ್ಲಿತ್ತು. ಗಂಟು ಹಾಕುತ್ತಿದ್ದಳು; ಎಡಗೈಯಲ್ಲೂ ಹಲ್ಲಿನಲ್ಲೂ ಬಿಚ್ಚುತ್ತಿದ್ದಳು.

“ಏನು ಚಿಕ್ಕಜ್ಜಿ ಇದು?”

“ಅಭ್ಯಾಸ. ಶುಕ್ರವಾರ ಆ ತಾರೀಖು, ಸ್ಕಾರ್ಫು ತಗೊಂಡು ಬಾ. ಬಿಚ್ಚಿಬಿಡ್ತೀನಿ.”

“ಬಿಚ್ಚಿಬಿಡ್ತೀಯಾ?” ಅಂದೆ.

“ಬಾಯಿ ಮುಚ್ಕೋ, ನೊಣ ಹೋಗುತ್ತೆ,” ಅಂದಳು. “ಸಿಟ್ಟು ಸಾಕೋದಕ್ಕೂ ಮೈಯಲ್ಲಿ ಶಕ್ತಿ ಬೇಕು ಕಣೇ. ನನಗೆ ಸಾಕಾಯ್ತು. ಮೇಲೆ ನಿಮ್ಮಜ್ಜನ ಮುಂದೆ ಹೋಗಿ ನಿಲ್ಲೋವಾಗ ಕೈ ಖಾಲಿ ಇರಲಿ.”

ಅದು ಸೋಮವಾರ. ಇದು ಬುಧವಾರ, ಅಣ್ಣನ ಅಂಗಡಿ.

“ಅಣ್ಣ, ನಾಡಿದ್ದು ಚಿಕ್ಕಜ್ಜಿ ತಾನೇ ಬಿಚ್ಚಬೇಕು ಅಂತಿದ್ಳು,” ಅಂದೆ.

ಅವನ ಮುಖ ಒಂದು ಗಳಿಗೆ ಬಿಳುಪೇರಿತು. ಒಂದೇ ಗಳಿಗೆ. “ಶುಕ್ರವಾರ ಸಂಜೆಯೇ ನಮ್ಮ ಅಮೃತ ಮಹೋತ್ಸವ. ಮೊದಲ ಕವಾಯತಾಗಿ ಎಪ್ಪತ್ತೈದು ವರ್ಷ. ಎಷ್ಟು ಜನ ಬರ್ತಾರೆ ಗೊತ್ತಾ? ನಿನಗೆ ಹಳೇ ಮನೆ ಜಗಳದ್ದೇ ಚಿಂತೆ.”

“ಅವಳ ಕೈ ಹೋದ ದಿನಕ್ಕೆ ಮಹೋತ್ಸವ ಮಾಡ್ತಿದೀಯ. ಅದು ಗೊತ್ತಾ ನಿನಗೆ?”

“ಅಯ್ಯೋ, ಒಂದು ಗಂಟು! ನಿನ್ನ ಅಪ್ಪನ ಗಂಟೇನು ಹೋಯ್ತು? ಇನ್ನೊಂದು ಕಟ್ಟಿದರಾಯ್ತು. ಅವಳಿಗೆ ಕಣ್ಣು ಕಾಣಲ್ಲ. ಬಿಚ್ತಾಳೆ, ಖುಷಿ ಪಡ್ತಾಳೆ. ನಾನೇ ತಗೊಂಡು ಬರ್ತೀನಿ, ಒಂದು ಫೋಟೋನೂ ಆಗುತ್ತೆ.”

ಅಂಗಡಿಯ ಮೆಟ್ಟಿಲಿಳಿದೆ. ನೆಟ್ಟಗೆ ಲಾಂಡ್ರಿಗೆ ಹೋದೆ. ಯಾಕೆ ಹೋದೆನೋ, ಕೊಂದವನ ಮುಖ ನೋಡಬೇಕೆನಿಸುತ್ತದಲ್ಲ, ಹಾಗೆ. ಲಾಂಡ್ರಿಯವನು ಹಬೆಯ ಮಧ್ಯೆ ತೋಳು ಮಡಚಿಕೊಂಡು ಅಂಗಿಯ ಕಾಲರಿಗೆ ಗಂಜಿ ಹಾಕುತ್ತಿದ್ದ. ಸ್ಕಾರ್ಫು ಎಂದ ಕೂಡಲೇ ಅವನ ಮುಖ ಅರಳಿತು.

“ಅದಾ ಅಕ್ಕಾ! ಕಲ್ಲು, ಕಲ್ಲಾಗಿತ್ತು ಗಂಟು. ಎರಡು ಸುತ್ತು ಹಾಕಿ ಎಳೆದಿದ್ರು. ಬೇರೆಯವರಾಗಿದ್ರೆ ಕತ್ತರಿ ಹಾಕ್ತಿದ್ರು. ನಾನು ಎಣ್ಣೆ ಬಿಟ್ಟು, ದಬ್ಬಳದಲ್ಲಿ ಒಂದೊಂದೇ ಎಳೆ ಸಡಿಲ ಮಾಡಿ, ಮುಕ್ಕಾಲು ಗಂಟೆ ಕೂತು ಬಿಚ್ಚಿದೆ. ಒಂದು ಎಳೆ ಹರಿದಿದ್ರೆ ಕೇಳಿ!”

ಏನು ಕೇಳಲಿ ಅವನನ್ನು? ಅವನು ತನ್ನ ಕೆಲಸವನ್ನು ನಾನು ನನ್ನದನ್ನು ಮಾಡುವಷ್ಟೇ ಶ್ರದ್ಧೆಯಿಂದ ಮಾಡಿದ್ದ. ಅದೇ ಇನ್ನೂ ಉರಿಯಿತು.

“ಒಂದು ಸೋಜಿಗ ಅಕ್ಕಾ,” ಅಂದ. “ಬಟ್ಟೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿದೆ. ಗಂಟಿನ ಒಳಗೆ ಮಾತ್ರ ಹಸಿರು. ಈಗ ತಾನೇ ಥಾನಿನಿಂದ ಹರಿದ ಹಾಗೆ. ಅದನ್ನೂ ತೊಳೆದು ಒಂದೇ ಬಣ್ಣ ಮಾಡು ಅಂದ್ರು ಸಾಹೇಬ್ರು. ನನಗೆ ಮನಸ್ಸಾಗಲಿಲ್ಲ. ಹಾಗೇ ಬಿಟ್ಟೆ.”

ಎಪ್ಪತ್ತೈದು ವರ್ಷ ಮುಚ್ಚಿದ್ದ ಆ ಹಸಿರನ್ನು ಮೊದಲು ಕಂಡವನು ಲಾಂಡ್ರಿಯವನು. ಎರಡನೆಯವನು ಅಣ್ಣ, ಅವನಿಗೆ ಅದು ಕಲೆಯಾಗಿ ಕಂಡಿತು.

ಶುಕ್ರವಾರ ಬೆಳಿಗ್ಗೆ ನಾನು ಚಿಕ್ಕಜ್ಜಿಯ ಕೋಣೆಗೆ ಬೇಗ ಹೋದೆ, ಎಲ್ಲ ಹೇಳಿಬಿಡೋಣವೆಂದು. ಅವಳು ತಲೆ ಬಾಚಿ, ಒಗೆದ ಸೀರೆ ಉಟ್ಟು, ಕಿಟಕಿಯ ಪಕ್ಕ ಕೂತಿದ್ದಳು. ಎಡಗೈಯ ಉಗುರುಗಳನ್ನು ಉದ್ದಕ್ಕೆ ಬಿಟ್ಟುಕೊಂಡಿದ್ದಳು. ಗಂಟಿಗಾಗಿ.

“ಎಲ್ಲೇ ಅದು?”

“ಅಣ್ಣ ತರ್ತಾನೆ,” ಅಂದೆ. ಅಷ್ಟೇ ಅಂದೆ. ಬೇರೆ ಯಾರ ಮೇಲಿದ್ದ ಸಿಟ್ಟಿಗಿಂತಲೂ ಆ ಎರಡು ಪದಗಳಿಗಾಗಿ ನನ್ನ ಮೇಲೆ ನನಗಿರುವ ಸಿಟ್ಟು ಹೆಚ್ಚು.

ಅಣ್ಣ ಬಂದ. ಪೂರ್ತಿ ಸಮವಸ್ತ್ರ, ಹೊಳೆಯುವ ಬೂಟು, ಕೊರಳಲ್ಲಿ ಹೊಸ ಹಸಿರು ಸ್ಕಾರ್ಫು, ಸೀಟಿ, ಭುಜಕ್ಕೆ ಕ್ಯಾಮೆರಾ. ಹಳೆಯ ಸ್ಕಾರ್ಫನ್ನು ಚೌಕಟ್ಟಿನಿಂದ ತೆಗೆದು ತುದಿಗೊಂದು ಗಂಟು ಹಾಕಿ ತಂದಿದ್ದ. ಅಜ್ಜ ಇಡುತ್ತಿದ್ದ ಹಾಗೆಯೇ ಅವಳ ಮಡಿಲಲ್ಲಿಟ್ಟು, ದನಿ ತಗ್ಗಿಸಿ ಕೇಳಿದ: “ಬಿಚ್ತೀಯಾ, ಚಿಕ್ಕಜ್ಜಿ?”

ಚಿಕ್ಕಜ್ಜಿಯ ಎಡಗೈ ಬಟ್ಟೆಯ ಅಂಚು ಹಿಡಿದು ನಡೆದು ನಡೆದು ತುದಿಗೆ ಬಂತು. ಗಂಟನ್ನು ಹಿಸುಕಿತು. ನಿಂತಿತು.

“ಇದನ್ನ ಯಾರು ಕಟ್ಟಿದ್ದು?”

“ಅಜ್ಜನೇ ಅಲ್ವಾ...”

“ಮುಚ್ಚು ಬಾಯಿ. ಅವನಿಗೆ ಗಂಟು ಹಾಕೋಕೇ ಬರ್ತಿರಲಿಲ್ಲ. ಅವತ್ತು ಮೊದಲನೇ ಸಲ. ಬಿಚ್ಚಿಹೋದ್ರೆ ಅಂತ ಎರಡು ಸುತ್ತು ಹಾಕಿ, ಬಾಗಿಲ ಚಿಲಕಕ್ಕೆ ಸಿಗಿಸಿ ಎಳೆದಿದ್ದ. ನಾನೇ ನೋಡಿದೀನಿ. ಇದು ಕಲಿತವನ ಗಂಟು.” ನನ್ನ ಕಡೆ ತಿರುಗಿದಳು. “ನೀನು ಹೇಳು.”

ಹೇಳಿದೆ. ಬೀರು, ಲಾಂಡ್ರಿ, ಎಣ್ಣೆ, ದಬ್ಬಳ, ಇಸ್ತ್ರಿ, ಗಾಜು, ಹಿತ್ತಾಳೆಯ ಫಲಕ, ಅದರ ಮೇಲಿನ ಸಾಲು. ಬಾಯಿಪಾಠ ಒಪ್ಪಿಸುವಂತೆ ಎಲ್ಲೂ ನಿಲ್ಲದೆ, ಒಂದೇ ದನಿಯಲ್ಲಿ.

ಫಲಕದ ಸಾಲು ಕೇಳಿ ಚಿಕ್ಕಜ್ಜಿ ನಕ್ಕಳು. ಆ ನಗುವಿನಷ್ಟು ಸಿಟ್ಟನ್ನು ನಾನು ಯಾರ ಬೈಗುಳದಲ್ಲೂ ಕೇಳಿಲ್ಲ.

“ಒಂದು ದಿನವೂ ತಪ್ಪಿಸದವರಂತೆ! ಅವನು ಬದುಕಿದ್ರೆ ಆ ಹಿತ್ತಾಳೆನ ಹಲ್ಲಲ್ಲಿ ಕಚ್ಚಿ ಕೀಳ್ತಿದ್ದ. ತಪ್ಪಿಸಿದೆ, ತಪ್ಪಿಸಿದೆ ಅಂತಲೇ ಬಂದು ಕೂರ್ತಿದ್ದನಲ್ಲೋ ನನ್ನ ಮುಂದೆ!”

“ಚಿಕ್ಕಜ್ಜಿ, ಹೋಗ್ಲಿ ಬಿಡು, ಗೊತ್ತಾಗದೆ...”

“ಗೊತ್ತಾಗದೆ ಲಾಂಡ್ರಿಗೆ ಹಾಕ್ದೆ. ಗೊತ್ತಾಗಿ ಈ ಸುಳ್ಳು ಗಂಟು ಕಟ್ಟಿ ತಂದೆ. ಕುರುಡಿ ಅಂತ ತಾನೆ?” ಅವಳ ದನಿ ಏರಲಿಲ್ಲ. “ಕೈ ಹೋದದ್ದಕ್ಕೆ ನಾನು ಅತ್ತದ್ದು ಒಂದು ವರ್ಷ. ಆಮೇಲೆ ಉಳಿದದ್ದು ಸಿಟ್ಟು. ಅದೊಂದು ನನ್ನದಾಗಿತ್ತು. ಅದನ್ನ ಇಳಿಸೋ ಕೆಲಸವೂ ನನ್ನದೇ. ಅದನ್ನ ಲಾಂಡ್ರಿಗೆ ಹಾಕೋಕೆ ನೀನ್ಯಾರೋ?”

ಗಂಟಿಗೆ ಉಗುರು ಹಾಕಿದಳು, ಹಲ್ಲಿಗೆ ಸಿಗಿಸಿದಳು, ಒಂದು ಎಳೆತ. ಅಣ್ಣನ ಚೊಕ್ಕ ಗಂಟು ಸರ್ರನೆ ಬಿಚ್ಚಿಕೊಂಡಿತು. “ನೋಡು, ಇಷ್ಟೇ. ನಿನ್ನದು ಇಷ್ಟಕ್ಕೇ ಬಿಚ್ಚಿಹೋಗುತ್ತೆ.”

ಆಮೇಲೆ ಅವಳ ಬೆರಳು ಬಟ್ಟೆಯ ತುದಿಯಲ್ಲಿ ಏನನ್ನೋ ಹುಡುಕಿತು. ಇಸ್ತ್ರಿಗೂ ಬಗ್ಗದ ಸುಕ್ಕುಗಳು ಅಲ್ಲಿದ್ದವು. “ಇಲ್ಲಿ ಯಾವ ಬಣ್ಣ ಇದೆ?” ನನ್ನನ್ನು ಕೇಳಿದಳು.

“ಹಸಿರು ಚಿಕ್ಕಜ್ಜಿ. ಹೊಸ ಹಸಿರು.”

“ಹೂಂ,” ಅಂದಳು. “ಎಷ್ಟು ಹಾರಾಡಿದ್ದ ಅವತ್ತು, ಹೊಸಾದು ಅಂತ.” ಆ ಸುಕ್ಕನ್ನು ಹೆಬ್ಬೆರಳೊಂದೇ ಉಳಿದಿದ್ದ ಬಲಗೈಯಿಂದ ಸವರಿದಳು. ಕೆಳಗೆ ಬಸ್ಸೊಂದು ಬಂದು ನಿಂತು ಹೊರಟುಹೋಯಿತು. ಅಣ್ಣ ಕ್ಯಾಮೆರಾವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

“ನಿನ್ನ ಕೊರಳಲ್ಲಿರೋದರ ತುದಿ ಹಿಡಿ,” ಅಂದಳು ಅವನಿಗೆ.

“ಯಾಕೆ?”

“ಹಿಡಿ ಅಂದೆ. ಗಂಟು ಹಾಕು. ಎರಡು ಸುತ್ತು. ಬಾ, ಬಾಗಿಲ ಚಿಲಕಕ್ಕೆ ಸಿಗಿಸಿ ಎಳಿ. ಇನ್ನೂ.”

ಐವತ್ತೆರಡು ವರ್ಷದ ಅಧ್ಯಕ್ಷ ಬೂಟುಗಾಲನ್ನು ಹೊಸ್ತಿಲಿಗೆ ಒತ್ತಿ ಎಳೆದ. ಚಿಕ್ಕಜ್ಜಿ ಗಂಟನ್ನು ಹಿಸುಕಿ ನೋಡಿದಳು. ಎರಡು ಸಲ ಮತ್ತೆ ಎಳೆಸಿದಳು.

“ಈಗ ಸರಿ. ನಾನು ಬಿಚ್ಚೋವರೆಗೂ ಇದನ್ನ ಬಿಚ್ಚಲ್ಲ, ಬೇರೆ ಸ್ಕಾರ್ಫೂ ಹಾಕಲ್ಲ ಅಂತ ಮಾತು ಕೊಡು. ಸ್ಕೌಟ್ ಕೊಟ್ಟ ಮಾತು ತಪ್ಪಲ್ಲ ಅಂತ ಊರಿಗೆಲ್ಲ ಭಾಷಣ ಮಾಡ್ತೀಯಲ್ಲ. ಕೈ ಎತ್ತಿ ಹೇಳು.”

“ಚಿಕ್ಕಜ್ಜಿ, ಇವತ್ತು ಸಂಜೆ ವೇದಿಕೆ ಮೇಲೆ...”

“ಅದಕ್ಕೇ.”

ಅವನು ನನ್ನ ಕಡೆ ನೋಡಿದ, ಚಿಕ್ಕವನಿದ್ದಾಗ ಅಮ್ಮ ಬೈಯುವಾಗ ನೋಡುತ್ತಿದ್ದ ಹಾಗೆ. ನಾನು ಕಿಟಕಿಯ ಕಡೆ ನೋಡಿದೆ. ಅವನು ಸ್ಕೌಟರ ರೀತಿಯಲ್ಲಿ ಮೂರು ಬೆರಳು ಎತ್ತಿ ಮಾತು ಕೊಟ್ಟ.

ಹಳೆಯ ಸ್ಕಾರ್ಫನ್ನು ಅವಳು ವಾಪಸು ಕೊಡಲಿಲ್ಲ.

ಸಂಜೆ ವೇದಿಕೆಯ ಮೇಲೆ ಖಾಲಿ ಚೌಕಟ್ಟಿಗೆ ಬಟ್ಟೆ ಹೊದಿಸಿದ್ದರು. ಅಣ್ಣನ ಎದೆಯ ಮೇಲೆ ಆ ಗಂಟು ಗೋಲಿಯ ಹಾಗೆ ಕೂತಿತ್ತು. ಅವನು ಕಾಗದ ಬಿಡಿಸಿ ಕೆಮ್ಮುತ್ತಿದ್ದಂತೆ ಮೊದಲ ಸಾಲಿನಲ್ಲಿದ್ದ ಹಳೆಯ ಸ್ಕೌಟೊಬ್ಬರು, ನಿವೃತ್ತ ಪೋಸ್ಟ್ ಮಾಸ್ತರರು, ಎದ್ದು ಕೂಗಿದರು: “ಅಧ್ಯಕ್ಷರೇ, ಹೊತ್ತು ಮುಳುಗ್ತಾ ಬಂತು, ಇವತ್ತಿನ ಒಳ್ಳೇ ಕೆಲಸ ಇನ್ನೂ ಆಗಿಲ್ವಾ?”

ಸಭೆಯೆಲ್ಲ ಗೊಳ್ಳೆಂದಿತು. ಅಣ್ಣ ಸೀಟಿಯನ್ನು ಹುಡುಕಿಕೊಂಡ, ಊದಲಿಲ್ಲ. ಕಾಗದದ ಮೊದಲ ಹಾಳೆಯನ್ನು ಹಿಂದಕ್ಕೆ ಹಾಕಿದ. ಅಜ್ಜನ ಬಗ್ಗೆ ಬರೆದದ್ದು ಅದರಲ್ಲೇ ಇತ್ತು. “ಆಗಿಲ್ಲ,” ಅಂದ ಮೈಕಿನಲ್ಲಿ, ಸಣ್ಣ ದನಿಯಲ್ಲಿ. ಮುಂದಿನ ಭಾಷಣ ಯಾರಿಗೂ ನೆನಪಿಲ್ಲ.

ಆಮೇಲಿಂದ ಪ್ರತಿ ಶುಕ್ರವಾರ ಅವನು ಚಿಕ್ಕಜ್ಜಿಯ ಮೆಟ್ಟಿಲು ಹತ್ತುತ್ತಾನೆ. ಹಿತ್ತಾಳೆಯ ಫಲಕವನ್ನು ಮೊದಲ ವಾರವೇ ಕಿತ್ತು ತಂದು ತೋರಿಸಿದ. ಮೂರನೆಯ ವಾರ ಅವಳ ಕಣ್ಣಿನ ವೈದ್ಯರಲ್ಲಿ ದಿನ ಗೊತ್ತುಮಾಡಿ ಬಂದ. ಅವಳು ಅವನ ಎದೆಯ ಮೇಲಿನ ಗಂಟನ್ನು ಎಡಗೈಯಲ್ಲಿ ಹಿಸುಕಿ ನೋಡುತ್ತಾಳೆ.

“ಈ ವಾರ ಬೇಡ,” ಎನ್ನುತ್ತಾಳೆ. “ಟೀ ಕುಡಿದು ಹೋಗು.”

ಅವಳ ಉಗುರುಗಳು ಇನ್ನೂ ಉದ್ದವಾಗಿಯೇ ಇವೆ. ಹಳೆಯ ಸ್ಕಾರ್ಫು ದಿಂಬಿನಡಿ ಇದೆ. ಮೂಲೆಯ ಹಸಿರು ಆಗಲೇ ಮಾಸತೊಡಗಿದೆ. ನಾನು ಬೆಳಿಗ್ಗೆ ದೀಪ ಹಚ್ಚಿ ಕೈ ಮುಗಿಯುವಾಗ ಎಲ್ಲರಿಗೂ ಒಳ್ಳೆಯದನ್ನು ಕೇಳುತ್ತೇನೆ, ಅಣ್ಣನಿಗೂ. ನನ್ನ ಸಿಟ್ಟು ಇಳಿಯಲಿ ಎಂದು ಮಾತ್ರ ಇನ್ನೂ ಕೇಳಿಕೊಂಡಿಲ್ಲ.